ನಲವತ್ತೊಂದು ಅಲಂಕಾರ, ಹದಿಮೂರು ಹಾಟ್‌ಡಿಶ್

ವಾಡ್ಬಿಯಲ್ಲಿ ಯಾರಾದರೂ ಬಾಯ್ತುಂಬ ಹೊಗಳಿದರೆ ಹೊಗಳಿಸಿಕೊಂಡವರು ಸಂತೋಷಪಡುವುದಿಲ್ಲ. ಹೊಗಳಿದವನಿಗೆ ಏನಾಗಿದೆಯೋ ಎಂದು ಗಾಬರಿಪಡುತ್ತಾರೆ. ಮಿನೆಸೋಟದ ಬಡಗಣ ಮೂಲೆಯ ಈ ಊರಿನಲ್ಲಿ ಮಾತನ್ನು ಚಿಕ್ಕದು ಮಾಡಿ ಆಡುವುದೇ ಮರ್ಯಾದೆ. ಮದುವೆಯ ದಿನ ಮದುಮಗಳನ್ನು ಕಂಡು ಮದುಮಗ "ಪರವಾಗಿಲ್ಲ" ಅಂದರೆ ಸಾಕು, ಅವಳು ಕೆಂಪಾಗುತ್ತಾಳೆ, ಅದನ್ನೇ ನೆನೆಸಿಕೊಂಡು ನಲವತ್ತು ವರ್ಷ ಸಂಸಾರ ಮಾಡುತ್ತಾಳೆ. ಬಿರುಗಾಳಿಗೆ ಮನೆಯ ಸೂರು ಹಾರಿಹೋದವನನ್ನು ಕೇಳಿದರೆ "ಸ್ವಲ್ಪ ಗಾಳಿ ಇತ್ತು" ಅನ್ನುತ್ತಾನೆ. ಈ ಊರಿನ ನೆನಪಿನಲ್ಲಿ ಕಟ್ಟೆಯೊಡೆದು ಹೊಗಳಿದವನು ಒಬ್ಬನೇ, ಕ್ಷೌರದಂಗಡಿಯ ಹಾಲ್ವರ್. ಅವನು ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಹೆಂಡತಿಗೆ, "ನಿನ್ನಂಥ ಹೆಂಗಸು ಈ ರಾಜ್ಯದಲ್ಲೇ ಇಲ್ಲ" ಅಂದ. ಒಂಬತ್ತನೆಯ ದಿನಕ್ಕೆ ಅವನ ಮಣ್ಣಾಯಿತು. ಡಾಕ್ಟರು ಅವನಿಗೆ ಮೊದಲೇ ಗಡುವು ಹೇಳಿದ್ದರಂತೆ. ಅಂದಿನಿಂದ ವಾಡ್ಬಿಯ ಜನ ಹೊಗಳಿಕೆಯನ್ನು ಜ್ವರ, ಕೆಮ್ಮುಗಳ ಸಾಲಿಗೆ ಸೇರಿಸಿಬಿಟ್ಟಿದ್ದಾರೆ.

ಹೈಸ್ಕೂಲಿನ ಜಾಡಮಾಲಿ ವರ್ಲಿನ್‌ಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಹಾಲ್ವರನ ಶವಪೆಟ್ಟಿಗೆಗೆ ಅವನೂ ಹೆಗಲು ಕೊಟ್ಟವನೇ. ಆದರೆ ಅವನ ತಲೆ ಇದ್ದಲ್ಲಿ ಇರುವ ತಲೆಯಲ್ಲ. ಊರ ಪಕ್ಕದ ಸರೋವರದ ಮೇಲೆ ಬೆಳಿಗ್ಗೆ ಕಟ್ಟುವ ಮಂಜು ಎಂಟು ಗಂಟೆಗೆ ಕರಗುತ್ತದೆ. ವರ್ಲಿನ್‌ನ ತಲೆಯೊಳಗಿನದು ಕರಗಿದ್ದನ್ನು ಕಂಡವರಿಲ್ಲ. ಸಾರಿಸುವ ಕೋಲು ಹಿಡಿದು ನಿಂತನೆಂದರೆ ಅರ್ಧ ಗಂಟೆ ಒಂದೇ ಕಲ್ಲನ್ನು ಸಾರಿಸಿಯಾನು. ಆ ಕಲ್ಲಿನಲ್ಲಿ ಮುಖ ಕಾಣುತ್ತದೆ, ಪಕ್ಕದ ಕಲ್ಲಿನಲ್ಲಿ ಹೋದ ವಾರದ ಹೆಜ್ಜೆ ಕಾಣುತ್ತದೆ. ಐವತ್ತೆರಡು ವಯಸ್ಸು, ಮದುವೆಯಿಲ್ಲ, ದಡದಲ್ಲೊಂದು ಪುಟ್ಟ ಮನೆ.

ಮದುವೆಯಿಲ್ಲ ಅಂದೆನಲ್ಲ, ಅದು ಅವನ ಪ್ರಯತ್ನದ ಕೊರತೆಯಿಂದ ಅಲ್ಲ. ಹನ್ನೊಂದು ವರ್ಷದಿಂದ ಅವನು ಶಾಲೆಯ ಅಡಿಗೆಯವಳಾದ ಆರ್ಡಿಸ್‌ಳನ್ನು ಒಲಿಸಿಕೊಳ್ಳುತ್ತಿದ್ದ. ಮಕ್ಕಳ ಊಟ ಮುಗಿದ ಮೇಲೆ ಅಡಿಗೆಮನೆಯ ಮೂಲೆಯ ಸ್ಟೂಲಿನಲ್ಲಿ ಕುಳಿತು ಉಳಿದದ್ದನ್ನು ತಿನ್ನುವನು. "ಹೇಗಿದೆ?" ಎಂದು ಆರ್ಡಿಸ್ ಕೇಳುವಳು. "ಪರವಾಗಿಲ್ಲ" ಎಂದು ವರ್ಲಿನ್ ಹೇಳುವನು. "ಹಾಗಾ" ಎಂದು ಆರ್ಡಿಸ್ ಪಾತ್ರೆ ತೊಳೆಯಲು ತಿರುಗುವಳು. ಇದು ಎರಡು ಸಾವಿರ ಸಲ ನಡೆದಿದೆ. ಇನ್ನೊಂದೆರಡು ಸಾವಿರ ಸಲ ನಡೆದರೆ ವಿಷಯ ತಾನಾಗಿ ಅವಳಿಗೆ ತಿಳಿಯುತ್ತದೆ ಎಂದು ವರ್ಲಿನ್‌ಗೆ ಪೂರ್ತಿ ನಂಬಿಕೆಯಿತ್ತು.

ಆದರೆ ಆ ವರ್ಷದ ಮೇ ತಿಂಗಳಲ್ಲಿ ಒಂದು ಗುಲಾಬಿ ಕಾಗದ ಅಡ್ಡ ಬಂತು. ಶಾಲೆಯವರು ವರ್ಷ ವರ್ಷವೂ ಕೊಡುವ ಕಾಗದವೇ: ಬರುವ ವರ್ಷ ಕೆಲಸಕ್ಕೆ ಬರುತ್ತೀರೋ ಇಲ್ಲವೋ, ಎರಡು ಚೌಕ, ಒಂದಕ್ಕೆ ಗುರುತು ಹಾಕಿ ಶುಕ್ರವಾರ ಮೂರು ಗಂಟೆಯೊಳಗೆ ಆಫೀಸಿಗೆ ಕೊಡಬೇಕು. ಪ್ರತಿ ಸಲ ಆರ್ಡಿಸ್ ಅದನ್ನು ಬಂದ ದಿನವೇ ಬರೆದು ಕೊಟ್ಟುಬಿಡುತ್ತಿದ್ದಳು. ಈ ಸಲ ಅದು ಹಿಟ್ಟಿನ ಡಬ್ಬದ ಕೆಳಗೆ ನಾಲ್ಕು ದಿನದಿಂದ ಖಾಲಿ ಬಿದ್ದಿತ್ತು.

"ಲವೋನ್ ಕರೀತಿದಾಳೆ," ಅಂದಳು ಆರ್ಡಿಸ್ ಸೋಮವಾರ. ಲವೋನ್ ಅಂದರೆ ಅರಿಜೋನಾದಲ್ಲಿರುವ ಅವಳ ಅಕ್ಕ. "ಅಲ್ಲಿ ಹಿಮ ಗೋರೋ ಕೆಲಸ ಇಲ್ವಂತೆ. ನಿಂಬೆಹಣ್ಣು ಹಿತ್ತಲಲ್ಲೇ ಬಿಡುತ್ತಂತೆ. ಇಲ್ಲಿ ನನ್ನನ್ನ ಹಿಡ್ಕೊಂಡಿರೋದಾದ್ರೂ ಏನಿದೆ ಹೇಳು."

ಇಂಥ ಪ್ರಶ್ನೆ ಹನ್ನೊಂದು ವರ್ಷಕ್ಕೊಮ್ಮೆ ಬರುತ್ತದೆ. ವರ್ಲಿನ್ ಬಾಯಿ ತೆರೆದ. ಎದೆಯಲ್ಲಿ ಇದ್ದದ್ದೆಲ್ಲ ಗಂಟಲಿಗೆ ಬಂತು. "ನಿಂಬೆಹಣ್ಣು ಒಳ್ಳೇದೇ," ಅಂದ.

"ಹಾಗಾ," ಅಂದಳು ಆರ್ಡಿಸ್.

ಮರುದಿನ ಮಂಗಳವಾರ. ಇಂಗ್ಲಿಷ್ ಪಾಠ ಹೇಳುವ ಮಿಸ್ ಕ್ವಿಸ್ಟ್ ವರ್ಲಿನ್‌ನನ್ನು ಹನ್ನೆರಡನೇ ಕೊಠಡಿಗೆ ಕರೆಸಿ ಒಂದು ದೊಡ್ಡ ಸುರುಳಿ ಕಂದು ಕಾಗದ ಕೈಗಿತ್ತಳು.

"ಗೋಡೆ ಪೂರ್ತಿ ಮುಚ್ಚಬೇಕು ವರ್ಲಿನ್. ಒಂದಕ್ಷರ ಕಾಣಬಾರದು. ನಾಳೆ ದೊಡ್ಡ ಪರೀಕ್ಷೆ. ಮಕ್ಕಳು ಗೋಡೆ ನೋಡಿ ಬರೆದ್ರು ಅಂತ ಗೊತ್ತಾದ್ರೆ ಎಲ್ಲರ ಉತ್ತರಾನೂ ರದ್ದು ಮಾಡ್ತಾರೆ. ಶುಕ್ರವಾರ ಸಂಜೆ ತನಕ ಬಿಚ್ಚಬೇಡ, ಇನ್ನೂ ಒಂದು ತಂಡ ಇದೆ."

"ಏನಿದೆ ಗೋಡೇಲಿ?" ಅಂದ ವರ್ಲಿನ್. ಆ ಗೋಡೆಯ ಧೂಳನ್ನು ಹತ್ತೊಂಬತ್ತು ವರ್ಷದಿಂದ ಅವನೇ ಹೊಡೆಯುತ್ತಿದ್ದದ್ದು.

"ಅಲಂಕಾರಗಳು. ಮಾತನ್ನ ಹೇಗೆ ಹೇಳಿದ್ರೆ ಕೇಳಿದವರ ಮನಸ್ಸು ತಿರುಗುತ್ತೆ, ಅದಕ್ಕೆ ಒಂದೊಂದಕ್ಕೂ ಒಂದೊಂದು ಹೆಸರು."

"ಮನಸ್ಸು ತಿರುಗುತ್ತಾ?"

"ಸರಿಯಾಗಿ ಬಳಸಿದ್ರೆ. ಒಟ್ಟು ನಲವತ್ತೊಂದಿದಾವೆ."

ನಲವತ್ತೊಂದು. ವರ್ಲಿನ್ ಏಣಿ ಹಾಕಿದ. ಗೋಡೆಗೆ ಹಚ್ಚಿದ್ದ ಅಲಂಕಾರದ ಹಾಳೆಯ ಮೇಲೆ ಕಾಗದ ಅಂಟಿಸಬೇಕಾದರೆ ಮೂಗು ಅದಕ್ಕೆ ತಾಗುವಷ್ಟು ಹತ್ತಿರ ನಿಲ್ಲಬೇಕು; ನಿಂತ ಮೇಲೆ ಓದದೆ ಇರಲಾಗುವುದಿಲ್ಲ. ಕಿಟಕಿಯಾಚೆ ಸರೋವರ. ಹಿಂದಿನ ವಾರವಷ್ಟೇ ನೀರ್ಗಲ್ಲು ಒಡೆದು ನೀರು ಬಿಡುಗಡೆಯಾಗಿತ್ತು. ಎಲ್ಲೋ ನಡುವಿನಲ್ಲಿ ಒಂದು ಮುಳುಗು ಹಕ್ಕಿ ಉದ್ದವಾಗಿ ಕೂಗುತ್ತಿತ್ತು. ಕೋಣೆಯೊಳಗೆ ಸಂಜೆಯ ಬಿಸಿಲು ಕಂದು ಕಾಗದಕ್ಕೆ ಬಿದ್ದು ಇಡೀ ಜಾಗ ಜೇನಿನ ಬಣ್ಣಕ್ಕೆ ತಿರುಗಿತ್ತು. ಆ ಬೆಳಕಿನಲ್ಲಿ ವರ್ಲಿನ್ ಒಂದೊಂದನ್ನೇ ಓದಿದ, ಒಂದೊಂದನ್ನೇ ಮುಚ್ಚಿದ. ಸಂಬೋಧನೆ: ಎದುರಿಗಿಲ್ಲದವರನ್ನೋ ಕಿವಿಯಿಲ್ಲದ ವಸ್ತುವನ್ನೋ ಕರೆದು, ಕೇಳಿಸಿಕೊಳ್ಳುತ್ತಿದೆ ಎಂಬಂತೆ ಮಾತಾಡುವುದು. ಅತಿಶಯೋಕ್ತಿ: ಇದ್ದದ್ದನ್ನು ಇರುವುದಕ್ಕಿಂತ ಹಿಗ್ಗಿಸಿ ಹೇಳಿ ಭಾವವನ್ನು ತಟ್ಟಿಸುವುದು. ಆವೃತ್ತಿ: ವಾಕ್ಯ ವಾಕ್ಯವನ್ನೂ ಅದೇ ಪದದಿಂದ ಎತ್ತಿಕೊಂಡು ಒತ್ತಿ ಹೇಳುವುದು. ಎಷ್ಟು ಸೊಗಸಾಗಿದೆಯಪ್ಪ, ಇದನ್ನೆಲ್ಲ ಹದಿನೇಳು ವರ್ಷದ ಹುಡುಗರಿಗೆ ಕೊಟ್ಟು, ನಿಜವಾಗಿ ಬೇಕಾದ ಗಂಡಸರ ಕೈಗೆ ಪೊರಕೆ ಕೊಟ್ಟಿದ್ದಾರಲ್ಲ ಅನ್ನಿಸಿತು ಅವನಿಗೆ.

ನಲವತ್ತು ಮುಗಿಯುವ ಹೊತ್ತಿಗೆ ಬೆಳಕು ಇಳಿದಿತ್ತು. ನಲವತ್ತೊಂದನೆಯದು ಬಾಗಿಲ ಹಿಂದೆ, ಮೊಣಕಾಲೆತ್ತರದಲ್ಲಿ ಇತ್ತು. ಬಗ್ಗಿ ಓದಲು ಸೊಂಟ ಒಪ್ಪಲಿಲ್ಲ. ಓದದೆಯೇ ಅಂಟಿಸಿಬಿಟ್ಟ. ಹೊರಡುವಾಗ ಮಿಸ್ ಕ್ವಿಸ್ಟ್‌ಳ ಮೇಜಿನ ಮೇಲಿದ್ದ ಅಲಂಕಾರದ ಪಟ್ಟಿ ಒಂದನ್ನು ಕೇಳಿ ಇಸಿದುಕೊಂಡ.

"ಯಾರಿಗೆ?" ಅಂದಳು ಅವಳು.

"ಸುಮ್ಮನೆ," ಅಂದ ವರ್ಲಿನ್.

ಬುಧವಾರ ಬೆಳಿಗ್ಗೆ ಆರೂವರೆಗೆ ಅವನು ಮನೆಯ ಹಿಂದೆ ನೀರಿನ ಮೇಲಕ್ಕೆ ಚಾಚಿದ ಹಲಗೆಯ ಕಟ್ಟೆಯ ತುದಿಯಲ್ಲಿ ನಿಂತಿದ್ದ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಕಾಲ ಕೆಳಗಿನ ಹಲಗೆ ಕೂಡ ಇದೆಯೆಂದು ನಂಬಿಕೊಳ್ಳಬೇಕಿತ್ತು. ಇಂಥ ಹೊತ್ತಿನಲ್ಲಿ ಯಾವ ಮಾತಾದರೂ ಆಡಬಹುದು ಅನ್ನಿಸಿತು ಅವನಿಗೆ. ಪಟ್ಟಿ ತೆಗೆದ. ಆರ್ಡಿಸ್ ಮುಂದೆ ಹೋಗುವ ಮುಂಚೆ ಕಿವಿಯಿಲ್ಲದ ಯಾರ ಮೇಲಾದರೂ ಒಮ್ಮೆ ಅಭ್ಯಾಸ ಮಾಡುವುದು ಲೇಸೆಂದು ಸಂಬೋಧನೆಯಿಂದ ಶುರುಮಾಡಿದ.

"ಎಲೈ ಸರೋವರವೇ," ಅಂದ. ಮಂಜು ಸುಮ್ಮನೆ ಕೇಳಿತು. ಅವನಿಗೆ ಧೈರ್ಯ ಬಂತು. "ಐವತ್ತೆರಡು ವರ್ಷ ನಿನ್ನ ದಡದಲ್ಲಿ ಬಾಳಿದೆ. ಆಡದೆ ಉಳಿಸಿಕೊಂಡ ಮಾತು ಬಹಳ. ಇನ್ನು ಹೊತ್ತು ಹೆಚ್ಚಿಲ್ಲ. ಶುಕ್ರವಾರ ಮೂರು ಗಂಟೆಗೆ ಎಲ್ಲ ತೀರ್ಮಾನವಾಗಿಬಿಡುತ್ತದೆ."

ಸರೋವರಕ್ಕೆ ಕಿವಿಯಿರಲಿಲ್ಲ, ನಿಜ. ಆದರೆ ಹತ್ತು ಮಾರು ಆಚೆ, ಪಕ್ಕದ ಮನೆಯ ಕಟ್ಟೆಯ ಮೇಲೆ ಕಾರ್ಲಿಸ್ ನಿಂತಿದ್ದಳು. ಅವಳಿಗೆ ಎಪ್ಪತ್ತು ದಾಟಿದೆ; ಒಂದು ಕಾಲದಲ್ಲಿ ಊರಿನ ಟೆಲಿಫೋನು ಎಕ್ಸ್‌ಚೇಂಜಿನಲ್ಲಿ ಕೂತು ಎಲ್ಲರ ಮಾತನ್ನೂ ಎಲ್ಲರಿಗೂ ಕೂಡಿಸಿದವಳು. ಕಿವಿ ಈಗಲೂ ಕೆಲಸದಿಂದ ನಿವೃತ್ತವಾಗಿಲ್ಲ. ಮಂಜು ಸ್ವಲ್ಪ ಸರಿದಾಗ ಇಬ್ಬರೂ ಒಬ್ಬರಿಗೊಬ್ಬರು ಕಂಡರು.

"ಬೆಳಗಾಯ್ತಲ್ಲ ವರ್ಲಿನ್," ಅಂದಳು ಕಾರ್ಲಿಸ್.

"ಆಯ್ತು ಕಾರ್ಲಿಸ್."

"ಹೇಗಿದೀಯಪ್ಪ?"

"ಪರವಾಗಿಲ್ಲ."

ಕಾರ್ಲಿಸ್ ಇನ್ನೇನೂ ಕೇಳಲಿಲ್ಲ. ಇಂಥದ್ದನ್ನು ಬಾಯಿಬಿಟ್ಟು ಕೇಳುವುದು ವಾಡ್ಬಿಯಲ್ಲಿ ಬೇರೆಯವರ ಬೀರು ತೆಗೆದು ನೋಡಿದ ಹಾಗೆ. ಅವಳು ಒಳಗೆ ಹೋಗಿ ಓವನ್ ಹಚ್ಚಿದಳು.

ಮಧ್ಯಾಹ್ನ ಪರೀಕ್ಷೆ ಬರೆದ ಮಕ್ಕಳು ಬೆಪ್ಪಾಗಿ ಹೊರಬಂದು ಉಂಡುಹೋದ ಮೇಲೆ ವರ್ಲಿನ್ ತನ್ನ ಸ್ಟೂಲಿನ ಮೇಲೆ ಕುಳಿತ. ಅಂದು ಹಾಟ್‌ಡಿಶ್: ತಳದಲ್ಲಿ ಕೊಚ್ಚಿದ ದನದ ಮಾಂಸ, ನಡುವೆ ಡಬ್ಬಿಯ ಅಣಬೆ ಸೂಪು, ಮೇಲೆ ಸಾಲಾಗಿ ನಿಲ್ಲಿಸಿ ಬೇಯಿಸಿದ ಆಲೂಗಡ್ಡೆಯ ಉಂಡೆಗಳು. ಗುಲಾಬಿ ಕಾಗದ ಹಿಟ್ಟಿನ ಡಬ್ಬದ ಕೆಳಗೆ ಹಾಗೇ ಇತ್ತು.

"ಹೇಗಿದೆ?" ಅಂದಳು ಆರ್ಡಿಸ್, ಬೆನ್ನು ಹಾಕಿಕೊಂಡೇ.

ವರ್ಲಿನ್ ಫೋರ್ಕು ಕೆಳಗಿಟ್ಟು ಎದ್ದು ನಿಂತ. "ಆರ್ಡಿಸ್, ಇಂಥ ಹಾಟ್‌ಡಿಶ್ ಭೂಮಿ ಹುಟ್ಟಿದ ಮೇಲೆ ಯಾರೂ ಮಾಡಿಲ್ಲ. ಇಂಥ ಕೈ ಯಾರಿಗೂ ಇಲ್ಲ. ಇಂಥ ಮಧ್ಯಾಹ್ನ ನನ್ನ ಬಾಳಲ್ಲೇ ಬಂದಿಲ್ಲ. ಸ್ವರ್ಗದಲ್ಲಿ ಊಟ ಅಂತ ಹಾಕೋದಾದ್ರೆ ಇದನ್ನೇ ಹಾಕ್ತಾರೆ."

ಆರ್ಡಿಸ್ ನಲ್ಲಿ ನಿಲ್ಲಿಸಿದಳು. ನಿಧಾನವಾಗಿ ತಿರುಗಿದಳು.

"ಮಾಂಸ ಹಸಿ ಇತ್ತಾ?"

"ಇಲ್ಲ."

"ಉಪ್ಪು?"

"ಸರಿಯಾಗಿದೆ."

"ಮತ್ತೆ ಯಾಕೆ ಹೀಗೆ ಮಾತಾಡ್ತಿದೀಯಾ?"

"ಹೇಳಬೇಕು ಅನ್ನಿಸ್ತು. ಹೇಳದೇ ಹೋಗಿಬಿಟ್ರೆ ಅಂತ."

ಅವನ ಮನಸ್ಸಿನಲ್ಲಿ ಇದ್ದದ್ದು ಅವಳು ಹೋಗಿಬಿಟ್ಟರೆ ಎಂದು. ಆರ್ಡಿಸ್ ಏನೆಂದುಕೊಂಡಳು ಎಂಬುದಕ್ಕೆ ಒಂದು ವಿಷಯ ಹೇಳಿದರೆ ಸಾಕು: ಕ್ಷೌರದಂಗಡಿಯ ಹಾಲ್ವರ್ ಅವಳ ಸ್ವಂತ ಸೋದರಮಾವ. ಅವಳ ಮುಖ ಬಿಳಿಚಿಕೊಂಡಿತು. ಅವನ ತಟ್ಟೆ ತೆಗೆದುಕೊಂಡು ಇನ್ನೊಂದು ಸಲ ತುಂಬ ಬಡಿಸಿದಳು. ಹನ್ನೊಂದು ವರ್ಷದಲ್ಲಿ ಎರಡನೇ ಸಲ ಬಡಿಸಿದ್ದು ಇದೇ ಮೊದಲು. ಅಲಂಕಾರಶಾಸ್ತ್ರದ ಶಕ್ತಿ ಎಂದು ವರ್ಲಿನ್ ಬೆರಗಾದ.

ಶಕ್ತಿ ಅಲ್ಲಿಗೇ ನಿಲ್ಲಲಿಲ್ಲ. ಎರಡು ಗಂಟೆಗೆ ಹೆಡ್‌ಮಾಸ್ತರ ಲುಂಡ್ ಬಂದು ಅವನ ಕೈಯಿಂದ ಬಕೆಟ್ಟು ತೆಗೆದುಕೊಂಡ. "ಮೆಟ್ಟಿಲು ನಾನು ಒರೆಸ್ತೀನಿ ವರ್ಲಿನ್. ನನಗೂ ಸ್ವಲ್ಪ ಮೈ ಬಗ್ಗಬೇಕು," ಅಂದ. ಲುಂಡ್‌ಗೆ ಮೈ ಬಗ್ಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಮೂರನೇ ಮೆಟ್ಟಿಲಿಗೇ ಸಿಕ್ಕಿಹಾಕಿಕೊಂಡ. ಸಂಜೆ ವರ್ಲಿನ್ ಮನೆಗೆ ಬಂದಾಗ ಬಾಗಿಲ ಬಳಿ ಬಟ್ಟೆ ಮುಚ್ಚಿದ ಒಂದು ಹಾಟ್‌ಡಿಶ್ ಕಾದಿತ್ತು, ಪಕ್ಕದಲ್ಲಿ ಕಾರ್ಲಿಸ್ ನಿಂತಿದ್ದಳು.

"ಜಾಸ್ತಿ ಮಾಡಿಬಿಟ್ಟೆ," ಅಂದಳು. "ನೀನು ತಿಂದ್ರೆ ನನಗೇ ಉಪಕಾರ."

ಅವಳ ಹಿಂದೆ ಇನ್ನಿಬ್ಬರು ಬಂದರು. ಗುರುವಾರ ಬೆಳಗಾಗುವಷ್ಟರಲ್ಲಿ ಐದು, ಮಧ್ಯಾಹ್ನಕ್ಕೆ ಒಂಬತ್ತು. ಅಂದು ಲುಂಡ್ ಅವನಿಗೆ ಕೇಳದೆಯೇ ರಜೆ ಕೊಟ್ಟಿದ್ದ. ಎಲ್ಲ ಪಾತ್ರೆಗಳ ತಳದಲ್ಲೂ ಬಿಳಿ ಅಂಟುಪಟ್ಟಿಯ ಮೇಲೆ ಯಜಮಾನಿಯ ಹೆಸರು. ಈ ಊರಿನ ಪಾತ್ರೆಗಳು ದುಃಖದ ಮನೆಗಳಿಗೆ ಹೋಗಿ ಬರುವುದರಲ್ಲೇ ಆಯುಸ್ಸು ಕಳೆಯುವುದರಿಂದ, ಹೆಸರಿಲ್ಲದೆ ಹೊರಡುವುದಿಲ್ಲ.

ವರ್ಲಿನ್ ಕೂತು ಯೋಚಿಸಿದ. ಯೋಚಿಸಿದಾಗ ಅವನಿಗೆ ಎಲ್ಲ ಸ್ಪಷ್ಟವಾಯಿತು, ಅದೇ ತೊಂದರೆ. ಆರ್ಡಿಸ್‌ಳ ಹಾಟ್‌ಡಿಶ್ಶನ್ನು ತಾನು ಹೊಗಳಿದ್ದು ಊರಿಗೆಲ್ಲ ತಿಳಿದಿದೆ. ಹೆಂಗಸರಿಗೆ ಹೊಟ್ಟೆಕಿಚ್ಚು ಬಂದಿದೆ. ಎಲ್ಲರಿಗೂ ತಮ್ಮ ತಮ್ಮ ಹಾಟ್‌ಡಿಶ್ಶಿಗೆ ಒಂದೊಂದು ಅಲಂಕಾರ ಬೇಕಾಗಿದೆ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಪಟ್ಟಿ ಹಿಡಿದುಕೊಂಡು ಬಾಗಿಲಿಗೆ ಬಂದ. ಒಬ್ಬಳಿಗೆ ರೂಪಕ ಕೊಟ್ಟ. ಇನ್ನೊಬ್ಬಳಿಗೆ ವಿರೋಧಾಭಾಸ. ಎರಡನೇ ಪಾತ್ರೆ ತಂದ ಕಾರ್ಲಿಸ್‌ಗೆ, "ನಿಮ್ಮ ಪಾತ್ರೆ ನನ್ನ ಮನೆಗೆ ಬಂದ ಬೆಳದಿಂಗಳು. ಇದನ್ನ ಎಲ್ಲೇ ಹೋದ್ರೂ ಮರೆಯಲ್ಲ," ಅಂದ. ಕಾರ್ಲಿಸ್ "ಸರಿ ಹಾಗಾದ್ರೆ" ಎಂದು ಹೇಳಿ ನೆಟ್ಟಗೆ ನಡೆದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಮೂರು ಗಂಟೆಗೆ ಪೊಲೀಸು ಜೀಪು ಬಂತು. ಡೆಪ್ಯುಟಿ ಟ್ರೇಸಿ ಇಳಿದಳು. ಸರ್ಕಾರದ ಪರವಾಗಿ ವಿಚಾರಿಸಿಕೊಳ್ಳಲು ಬಂದಿದ್ದಳು, ಅವಳಮ್ಮನ ಪರವಾಗಿ ಹನ್ನೊಂದನೇ ಹಾಟ್‌ಡಿಶ್ ತಂದಿದ್ದಳು.

"ಹೇಗಿದೀಯಾ ವರ್ಲಿನ್?"

"ಪರವಾಗಿಲ್ಲ."

"ಅದೇ ಅಂದ್ಕೊಂಡೆ." ಅವಳು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದಳು. ಮನೆಯ ಪಕ್ಕದಲ್ಲಿ ವರ್ಲಿನ್‌ನ ಮೀನಿನ ಗುಡಿಸಲಿತ್ತು. ಚಳಿಗಾಲದಲ್ಲಿ ಸರೋವರ ಗಟ್ಟಿಯಾದ ಮೇಲೆ ಅದರ ನಡುವಿಗೆ ಎಳೆದುಕೊಂಡು ಹೋಗಿ, ಒಳಗೆ ಒಲೆ ಹಾಕಿ ಕುಳಿತು, ತೂತಿನಿಂದ ಗಾಳ ಬಿಡುವ ಗುಡಿಸಲು. ಊರಿನಲ್ಲೇ ಒಳ್ಳೆಯದು. "ಅಲ್ಲ, ಆ ಗುಡಿಸಲಿಗೆ ಏನಾದ್ರೂ ಯೋಚನೆ ಮಾಡಿದೀಯಾ? ಸುಮ್ಮನೆ ಕೇಳ್ದೆ."

"ಬರೋ ಚಳಿಗಾಲಕ್ಕೆ ಹೊಸ ಬಣ್ಣ ಹೊಡೀಬೇಕು ಅಂತಿದೀನಿ."

ಟ್ರೇಸಿ ಅತ್ತ ತಿರುಗಿ ಕಪ್ಪು ಕನ್ನಡಕ ಹಾಕಿಕೊಂಡಳು. ಗಂಡಸೆಂದರೆ ಹೀಗಿರಬೇಕು ಎಂದು ಆ ಸಂಜೆ ಪೆಟ್ರೋಲ್ ಬಂಕಿನಲ್ಲಿ ಎಲ್ಲರ ಮುಂದೆ ಹೇಳಿದಳಂತೆ. ಅಂದರೆ "ಧೈರ್ಯ ಇದೆ, ಸ್ವಲ್ಪ" ಅಂದಳು. ಉಳಿದದ್ದನ್ನು ಜನ ತಾವೇ ತುಂಬಿಕೊಂಡರು.

ಆ ಸಂಜೆ ಆರ್ಡಿಸ್ ಕೂಡ ಬಂದಳು. ನೀಲಿ ಎನಾಮಲ್ ಪಾತ್ರೆಯನ್ನು ಅವನ ಕೈಗೆ ಕೊಟ್ಟು, ಅವನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿದಳು. "ಬೆಚ್ಚಗೆ ತಿನ್ನು," ಎಂದಷ್ಟೇ ಹೇಳಿ ಹೊರಟುಹೋದಳು. ವರ್ಲಿನ್‌ಗೆ ಒಂದೂ ಅಲಂಕಾರ ನೆನಪಾಗಲಿಲ್ಲ. ಅವಳ ಗಾಡಿಯ ಧೂಳು ಇಳಿಯುವ ತನಕ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.

ಶುಕ್ರವಾರ ಹನ್ನೆರಡಕ್ಕೆ ಪಾದ್ರಿ ಡ್ವೈಟ್ ಶಾಲೆಗೇ ಬಂದ. ಹದಿಮೂರನೆಯ ಹಾಟ್‌ಡಿಶ್ ಅವನ ಹೆಂಡತಿಯದು. ಅದನ್ನು ಜಾಡಮಾಲಿಯ ಕೋಣೆಯ ಹಲಗೆಯ ಮೇಲಿಟ್ಟು, ಪೊರಕೆಗಳ ನಡುವೆ ಕುಳಿತ.

"ಮೂರು ಗಂಟೆಗೆ ನಾನೂ ಜೊತೆಗಿರಲಾ ವರ್ಲಿನ್?"

ಮೂರು ಗಂಟೆಯ ವಿಷಯ ಪಾದ್ರಿಗೂ ಗೊತ್ತಾಗಿದೆಯಲ್ಲ ಎಂದು ವರ್ಲಿನ್‌ನ ಕಿವಿ ಬಿಸಿಯಾಯಿತು. "ಬೇಡ ಪಾಸ್ಟರ್. ಆರ್ಡಿಸ್ ಇದ್ರೆ ಸಾಕು."

"ಅದೂ ಸರಿಯೇ. ದೊಡ್ಡ ಮನಸ್ಸು ಅವಳದ್ದು. ನಿನ್ನೆ ಅಕ್ಕನಿಗೆ ಫೋನ್ ಮಾಡಿ ಅರಿಜೋನಾಕ್ಕೆ ಬರಲ್ಲ ಅಂದಳಂತೆ. ಕಡೆಗಾಲದಲ್ಲಿ ಮನುಷ್ಯನ ಪಕ್ಕ ಒಬ್ಬರಾದ್ರೂ ಇರಬೇಕು ಅಂತ."

"ಯಾರ ಕಡೆಗಾಲ?"

ಪಾದ್ರಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟ. "ಹಾಲ್ವರ್‌ಗೂ ಒಂಬತ್ತು ದಿನ ಸಿಕ್ಕಿತ್ತು. ನಿನಗೆ ಶುಕ್ರವಾರ ಅಂತ ಗಡುವು ಕೊಟ್ಟ ಡಾಕ್ಟರು ಯಾರೋ ನನಗೆ ಗೊತ್ತಿಲ್ಲ. ಸ್ವಲ್ಪ ಒರಟ ಇರಬೇಕು."

ಆಗ, ಐವತ್ತೆರಡು ವರ್ಷದಲ್ಲಿ ಮೊದಲ ಸಲ, ವರ್ಲಿನ್‌ನ ತಲೆಯೊಳಗಿನ ಮಂಜು ಪೂರ್ತಿ ಕರಗಿತು. ಸರೋವರ, ಸ್ವರ್ಗದ ಊಟ, ಹೆಡ್‌ಮಾಸ್ತರ ಬಗ್ಗಿದ ಮೈ, ಟ್ರೇಸಿಯ ಕಪ್ಪು ಕನ್ನಡಕ, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಪಾದ್ರಿ ಹೋದ ಮೇಲೆ ಅವನು ಕಾರಿಡಾರಿಗೆ ಬಂದು ಒಂದು ಕಲ್ಲು ಸಾರಿಸತೊಡಗಿದ. ಸುಮ್ಮನಿದ್ದರೆ ಆರ್ಡಿಸ್ ಉಳಿಯುತ್ತಾಳೆ. ಬಾಯಿಬಿಟ್ಟರೆ ಹೋಗುತ್ತಾಳೆ. ಎರಡೂವರೆಯ ತನಕ ಸಾರಿಸಿದ. ಆ ಕಲ್ಲು ಈಗಲೂ ಶಾಲೆಯಲ್ಲಿ ಬೇರೆಯೇ ಬಣ್ಣವಾಗಿ ಕಾಣುತ್ತದೆ. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಅಡಿಗೆಮನೆಗೆ ಹೋದ.

ಆರ್ಡಿಸ್ ಗುಲಾಬಿ ಕಾಗದವನ್ನು ಮಡಿಸುತ್ತಿದ್ದಳು. 'ಬರುತ್ತೇನೆ' ಎಂಬ ಚೌಕದಲ್ಲಿ ದಪ್ಪಗೆ ಗುರುತು ಬಿದ್ದಿತ್ತು.

"ಆರ್ಡಿಸ್, ನನಗೇನೂ ಆಗಿಲ್ಲ," ಅಂದ ವರ್ಲಿನ್.

"ಗೊತ್ತು. ಪರವಾಗಿಲ್ಲ ಅಂತೀಯಾ. ನಮ್ಮ ಮಾವಾನೂ ಹಾಗೇ ಅಂತಿದ್ದ."

"ಅಲ್ಲ ಕಣೇ, ನಿಜವಾಗಿ ಏನೂ ಆಗಿಲ್ಲ. ಡಾಕ್ಟರ ಮುಖ ನೋಡಿ ಆರು ವರ್ಷ ಆಯ್ತು. ಅವತ್ತು ಮಾತಾಡಿದ್ದು ಇದನ್ನ ನೋಡ್ಕೊಂಡು." ಜೇಬಿನಿಂದ ಪಟ್ಟಿ ತೆಗೆದು ಅವಳ ಮುಂದಿಟ್ಟ. ಮಡಿಚಿ ಮಡಿಚಿ ಅದು ಮೆತ್ತಗಾಗಿತ್ತು, ಮೇಲೆ ಹನ್ನೆರಡು ಬಗೆಯ ಸೂಪಿನ ಕಲೆ. "ಮಿಸ್ ಕ್ವಿಸ್ಟ್ ಗೋಡೇಲಿ ಇದ್ದದ್ದು. ಹೀಗೆ ಹೇಳಿದ್ರೆ ಕೇಳಿದವರ ಮನಸ್ಸು ತಿರುಗುತ್ತೆ ಅಂದ್ಲು. ಮೂರು ಗಂಟೆ ಅಂತ ಸರೋವರಕ್ಕೆ ಹೇಳಿದ್ದು ನಿನ್ನ ಈ ಕಾಗದದ ವಿಷಯ."

ಆರ್ಡಿಸ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಗಡಿಯಾರ ಎರಡು ನಲವತ್ತು ತೋರಿಸುತ್ತಿತ್ತು.

"ಹನ್ನೆರಡು ಹೆಂಗಸರು ನಿನಗೋಸ್ಕರ ಓವನ್ ಹಚ್ಚಿದಾರೆ ವರ್ಲಿನ್. ಕಾರ್ಲಿಸ್ ಎರಡು ಸಲ. ನಾನು ಲವೋನ್‌ಗೆ ಫೋನ್ ಮಾಡಿ ಬರಲ್ಲ ಅಂದೆ. ಅವಳು ಹಾಸಿಗೆ ಹೊದಿಕೆ ಎಲ್ಲ ತಂದಿಟ್ಟಿದ್ಲು."

"ಗೊತ್ತು. ಅದಕ್ಕೇ ಹೇಳ್ತಿದೀನಿ."

"ಸುಮ್ಮನಿದ್ದಿದ್ರೆ ನಾನು ಇಲ್ಲೇ ಇರ್ತಿದ್ದೆ."

"ಇರ್ತಿದ್ದೆ. ಆದ್ರೆ ನೀನು ನನ್ನ ಸಾವು ಕಾಯ್ಕೊಂಡು ಇರ್ತಿದ್ದೆ. ನಾನು ಬೇಗ ಸಾಯೋ ಹಾಗೆ ಕಾಣಲ್ಲ. ನಮ್ಮಪ್ಪ ತೊಂಬತ್ನಾಲ್ಕು ಮುಟ್ಟಿದ."

ಆರ್ಡಿಸ್ ಪಟ್ಟಿಯನ್ನು ಅವನ ಕಡೆ ತಳ್ಳಿದಳು. "ಇದರಲ್ಲಿ ಇಷ್ಟೊಂದು ಇದಾವಲ್ಲ. ಈಗ ಒಂದು ಹೇಳು ನೋಡೋಣ. ನಾನು ಇಲ್ಲಿ ಯಾಕಿರಬೇಕು?"

ವರ್ಲಿನ್ ಪಟ್ಟಿ ನೋಡಿದ. ಅಕ್ಷರಗಳು ಒಂದಕ್ಕೊಂದು ಕಲೆತು ಈಜುತ್ತಿದ್ದವು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಅವನಿಗೆ ಅಳು ಬರುವಂತಿತ್ತು.

"ನೀನಿಲ್ಲಿ ಇದ್ರೆ," ಅಂದ. ನಿಲ್ಲಿಸಿದ. "ನೀನಿಲ್ಲಿ ಇದ್ರೆ ನನಗೇನೂ ಬೇಜಾರಿಲ್ಲ."

 

"ಹಾಗಾ," ಅಂದಳು ಆರ್ಡಿಸ್. ಆಮೇಲೆ ಗುಲಾಬಿ ಕಾಗದವನ್ನು ಎರಡಾಗಿ ಹರಿದಳು, ನಾಲ್ಕಾಗಿ ಹರಿದಳು, ಕಸದ ಬುಟ್ಟಿಗೆ ಹಾಕಿದಳು. "ಇದು ಸತ್ತವನಿಗೆ ಅಂತ ಬರೆದದ್ದು. ಆಫೀಸಲ್ಲಿ ಹೊಸದು ಇಸ್ಕೊಂಡು ಬರೀತೀನಿ." ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಟಳು. ಯಾವ ಚೌಕಕ್ಕೆ ಗುರುತು ಹಾಕುತ್ತಾಳೆಂದು ಹೇಳಲಿಲ್ಲ. ಅವನೂ ಕೇಳಲಿಲ್ಲ. ಕೇಳುವುದು ಬೀರು ತೆಗೆದು ನೋಡಿದ ಹಾಗೆಯೇ ಅಲ್ಲವೇ.

ಮೂರಾಯಿತು, ಸಂಜೆಯೂ ಆಯಿತು. ವರ್ಲಿನ್ ಹನ್ನೆರಡನೇ ಕೊಠಡಿಗೆ ಹೋಗಿ ಕಾಗದ ಬಿಚ್ಚತೊಡಗಿದ. ಅದೇ ಜೇನಿನ ಬಣ್ಣದ ಬೆಳಕು, ಅದೇ ಹಕ್ಕಿ. ಒಂದೊಂದೇ ಅಲಂಕಾರ ಮತ್ತೆ ಹೊರಬಂತು; ಅವನು ಯಾವುದನ್ನೂ ಓದಲಿಲ್ಲ, ಅವುಗಳ ಮೇಲೆ ಅವನಿಗೆ ಸಿಟ್ಟಿತ್ತು. ಕಡೆಗೆ ಬಾಗಿಲ ಹಿಂದೆ ನೆಲದ ಮೇಲೆ ಕುಳಿತು ನಲವತ್ತೊಂದನೆಯದನ್ನು ಬಿಚ್ಚಿದ. ಕುಳಿತ ಮೇಲೆ ಓದದೆ ಇರಲಾಗಲಿಲ್ಲ. ನ್ಯೂನೋಕ್ತಿ: ಇದ್ದದ್ದನ್ನು ಇರುವುದಕ್ಕಿಂತ ಕಡಿಮೆ ಮಾಡಿ ಹೇಳಿ, ಅದರ ಹಿರಿತನವನ್ನು ಕೇಳಿದವರು ತಾವೇ ಅರಿಯುವಂತೆ ಮಾಡುವುದು. ಕೆಳಗೆ ಉದಾಹರಣೆ: ಕೆಟ್ಟದ್ದೇನಲ್ಲ, ಪರವಾಗಿಲ್ಲ, ಬೇಜಾರಿಲ್ಲ.

ಅವನು ಮೂರು ಸಲ ಓದಿದ. ಇಡೀ ಊರು ಹುಟ್ಟಿದಂದಿನಿಂದ ಈ ಒಂದು ಅಲಂಕಾರವನ್ನು ತೊಟ್ಟುಕೊಂಡೇ ಓಡಾಡುತ್ತಿತ್ತು. ಅದನ್ನು ಬಿಟ್ಟು ಮಿಕ್ಕ ನಲವತ್ತಕ್ಕೆ ಕೈಹಾಕಿದವನು ತಾನೊಬ್ಬನೇ. ಮಿಸ್ ಕ್ವಿಸ್ಟ್ ಬಂದು ದೀಪ ಹಾಕುವ ತನಕ ಅಲ್ಲೇ ಕುಳಿತಿದ್ದ.

ಶನಿವಾರ ಹತ್ತು ಗಂಟೆಗೆ ಅವನ ಮನೆಯ ಮುಂದೆ ಆರ್ಡಿಸ್‌ಳ ಗಾಡಿ ನಿಂತಿತು. "ಹದಿಮೂರು ಪಾತ್ರೆ ಒಬ್ಬನೇ ಹೇಗೆ ವಾಪಸ್ ಕೊಡ್ತೀಯಾ? ಗಾಡೀಲಿಡು," ಅಂದಳು. ಗುಲಾಬಿ ಕಾಗದದ ಮಾತು ಎತ್ತಲಿಲ್ಲ. ಇಬ್ಬರೂ ಪಾತ್ರೆ ತೊಳೆದು, ಒರೆಸಿ, ತಳದ ಹೆಸರು ಓದಿ ಓದಿ ಮನೆ ಮನೆಗೆ ಹೋದರು. ಅಂದು ಎಂಟು ದಾಟಿದರೂ ಮಂಜು ಪೂರ್ತಿ ಹೋಗಿರಲಿಲ್ಲ. ಮನೆಗಳು ಒಂದೊಂದಾಗಿ ಅದರಿಂದ ಹೊರಬಂದು ನಿಂತು, ಬಾಗಿಲು ತೆರೆದು, ಮತ್ತೆ ಒಳಸರಿಯುತ್ತಿದ್ದವು. ಒಂದೇ ಗಾಡಿಯಲ್ಲಿ ಗಂಡಸೊಬ್ಬ ಹೆಂಗಸೊಬ್ಬಳು ಕೂತು ಪಾತ್ರೆ ಹಿಂದಿರುಗಿಸುವುದೆಂದರೆ ವಾಡ್ಬಿಯಲ್ಲಿ ಪತ್ರಿಕೆಯಲ್ಲಿ ಹಾಕಿಸಿದ ಹಾಗೆ.

ಕಾರ್ಲಿಸ್ ತನ್ನ ಎರಡು ಪಾತ್ರೆ ತೆಗೆದುಕೊಂಡು ವರ್ಲಿನ್‌ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಶುಕ್ರವಾರ ಮೂರು ಗಂಟೆ ಕಳೀತಲ್ಲ."

"ಕಳೀತು."

"ಏನಂದ್ರು?"

"ಇನ್ನೂ ಗೊತ್ತಾಗಿಲ್ಲ," ಅಂದ ವರ್ಲಿನ್, ಗಾಡಿಯಲ್ಲಿ ಕುಳಿತ ಆರ್ಡಿಸ್‌ಳ ಕಡೆ ನೋಡುತ್ತ. ಕಾರ್ಲಿಸ್ ಅವನ ಕಣ್ಣು ಹೋದ ಕಡೆ ನೋಡಿದಳು. ಎಪ್ಪತ್ತು ವರ್ಷದಲ್ಲಿ ಕೂಡಿಸಿದ ಮಾತುಗಳೆಲ್ಲ ಅವಳೊಳಗೆ ಒಮ್ಮೆ ಟಣಕ್ ಎಂದಿರಬೇಕು. "ಹೋಗಲಿ ಬಿಡು, ಬೆಳದಿಂಗಳು ಅಂದ್ಯಲ್ಲ," ಎಂದು ಒಳಗೆ ಹೋದಳು. ಸತ್ತಿಲ್ಲವೆಂದು ಯಾರೂ ಕೋಪಿಸಿಕೊಳ್ಳಲಿಲ್ಲ. ಡೆಪ್ಯುಟಿ ಟ್ರೇಸಿ ಮಾತ್ರ "ಹಾಗಾದ್ರೆ ಗುಡಿಸಲಿಗೆ ಬಣ್ಣ ಹೊಡಿತೀಯಾ ಅನ್ನು" ಎಂದು ನಿಟ್ಟುಸಿರುಬಿಟ್ಟಳು.

ಮಧ್ಯಾಹ್ನಕ್ಕೆ ಗಾಡಿ ಮತ್ತೆ ವರ್ಲಿನ್‌ನ ಮನೆಯ ಮುಂದೆ ನಿಂತಿತು. ಒಂದೇ ಪಾತ್ರೆ ಉಳಿದಿತ್ತು, ನೀಲಿ ಎನಾಮಲಿನದು. ತಳದ ಪಟ್ಟಿಯ ಮೇಲೆ ಆರ್ಡಿಸ್ ಎಂದು ಬರೆದಿತ್ತು. ವರ್ಲಿನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

ಆರ್ಡಿಸ್ ಪಾತ್ರೆ ತೆಗೆದುಕೊಳ್ಳಲಿಲ್ಲ. ಸರೋವರದ ಕಡೆ ನೋಡುತ್ತಿದ್ದಳು. "ಅದು ನಿನ್ನ ಮನೇಲೇ ಇರಲಿ," ಅಂದಳು. "ಚಳಿಗಾಲದಲ್ಲಿ ಬೇಕಾಗುತ್ತೆ. ಅಲ್ಲಿಂದ ಇಲ್ಲಿಗೆ ಹೊತ್ಕೊಂಡು ಓಡಾಡೋದು ಯಾಕೆ."

"ನಿಂಬೆಹಣ್ಣು?"

"ಅಂಗಡೀಲಿ ಸಿಗುತ್ತೆ."

ವರ್ಲಿನ್ ಪಾತ್ರೆಯನ್ನು ಎದೆಗೆ ಒತ್ತಿಕೊಂಡ. ನಲವತ್ತು ಅಲಂಕಾರಗಳು ನಾ ಮುಂದು ತಾ ಮುಂದು ಎಂದು ಅವನ ಬಾಯಿಗೆ ಬಂದವು. ಅವನು ಎಲ್ಲವನ್ನೂ ನುಂಗಿಕೊಂಡ.

"ಪರವಾಗಿಲ್ಲ," ಅಂದ.

ಆರ್ಡಿಸ್ ಕೆಂಪಾದಳು.